ಒಳಗಿನ ಒಲೆ, ಹೊರಗಿನ ಒಲೆ

ಆ ಮನೆಗೆ ಎರಡು ಒಲೆ. ಒಂದು ಎಲ್ಲರ ಮನೆಯಲ್ಲಿರುವಂತೆ ಅಡುಗೆಮನೆಯೊಳಗೆ, ಕಿಟಕಿಯ ಕೆಳಗೆ. ಇನ್ನೊಂದು ಹಿಂಬಾಗಿಲ ಆಚೆ, ತಗಡಿನ ಮಾಡಿನಡಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಹೊಸದಾಗಿ ಬಂದವರು, "ಏನಮ್ಮ, ಎರಡೆರಡು ಒಲೆ! ಅತ್ತೆ ಸೊಸೆ ಬೇರೆಬೇರೆನಾ?" ಎಂದು ತಮಾಷೆ ಮಾಡುವುದುಂಟು. ಮನೆಯೊಡತಿ ಯಾವ ಮಾತಿಗೆ ಬೇಕಾದರೂ ನಗುವವಳು, ಆ ಮಾತಿಗೆ ಮಾತ್ರ ನಗುತ್ತಿರಲಿಲ್ಲ.

ಎರಡನೆಯ ಒಲೆ ಬಂದದ್ದು ಮಗನ ದೆಸೆಯಿಂದ. ಅವನಪ್ಪನಿಗೆ ಬಂದರಿನಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸಿಗಡಿಯನ್ನು ಹಿಡಿಯುವ ಬೋನುಗಳನ್ನು ರಿಪೇರಿ ಮಾಡುವ ಕೆಲಸ. ದೋಣಿಯವರು ಕೂಲಿಯ ಜೊತೆಗೆ ಆಗಾಗ ಒಂದೆರಡು ಲಾಬ್‌ಸ್ಟರ್ ಕೊಟ್ಟು ಕಳಿಸುತ್ತಿದ್ದರು. ಮಗ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಮೊದಲ ಸಲ ಒಂದು ಚೂರು ಬಾಯಿಗಿಟ್ಟ. ತಟ್ಟೆ ಖಾಲಿಯಾಗುವ ಮೊದಲೇ ತುಟಿ ಊದಿತು, ಕಣ್ಣು ಮುಚ್ಚಿಹೋಯಿತು, ಉಸಿರು ಸೀಟಿ ಹೊಡೆಯತೊಡಗಿತು. ಸೂಜಿ ಚುಚ್ಚಿ ಜೀವ ಉಳಿಸಿದ ಡಾಕ್ಟರು, "ಇವನಿಗೆ ಇದು ವಿಷ ಕಣಮ್ಮ. ತಿನ್ನೋದಿರಲಿ, ಬೇಯ್ಸೋ ಆವಿ ಕೂಡ ತಾಗಬಾರ್ದು" ಎಂದರು.

ಬೇರೆ ಯಾರಾದರೂ ಆಗಿದ್ದರೆ ಆ ಪದಾರ್ಥವನ್ನೇ ಮನೆಗೆ ತರಬೇಡಿ ಎನ್ನುತ್ತಿದ್ದರು. ಆದರೆ ಅದು ಬೋನಿನವನ ಮನೆ. ಕೈಗೆ ಬಂದದ್ದನ್ನು ಬಿಸಾಡುವಷ್ಟು ದೊಡ್ಡಸ್ತಿಕೆ ಅವರಿಗಿರಲಿಲ್ಲ, ಮೇಲಾಗಿ ಗಂಡನಿಗೆ ಲಾಬ್‌ಸ್ಟರ್ ಎಂದರೆ ಪ್ರಾಣ. ಆಕೆ ಹೊರಗೆ ಒಲೆ ಹೂಡಿಸಿದಳು, ಕಾನೂನು ಮಾಡಿದಳು. ಹೊರಗಿನ ಪಾತ್ರೆ, ಹೊರಗಿನ ಚಾಕು, ಹೊರಗಿನ ಸೌಟು ಹೊಸಿಲು ದಾಟಕೂಡದು. ಗುರುತು ತಪ್ಪದಿರಲೆಂದು ಆ ಸೌಟಿನ ಹಿಡಿಗೆ ಕೆಂಪು ದಾರ ಸುತ್ತಿದಳು. ತಿಂದವರು ಕಲ್ಲಿನ ಹತ್ತಿರವೇ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಬಾಯಿ ಮುಕ್ಕಳಿಸಿ, ಅಂಗಿ ಬದಲಾಯಿಸಿಯೇ ಒಳಗೆ ಕಾಲಿಡಬೇಕು. ಗಂಡ ಮೊದಮೊದಲು ಗೊಣಗಿದ. ಆಮೇಲೆ ಅದು ಹಲ್ಲುಜ್ಜುವಷ್ಟೇ ಸಹಜವಾಯಿತು.

ಹೊರಗೆ ಲಾಬ್‌ಸ್ಟರ್ ಬೇಯುವ ದಿನ ಒಳಗೆ ಕೋಳಿ ಬೇಯಲೇಬೇಕು. "ನಂಗೆ ಕಡಿಮೆ ಆಯ್ತು ಅಂತ ಯಾರೂ ಅನ್ಕೋಬಾರ್ದು" ಎಂಬುದು ಆಕೆಯ ವಾದ. ದಪ್ಪ ತಳದ, ನೀಲಿ ಹಿಡಿಯ ಪಾತ್ರೆಯಲ್ಲಿ ಈರುಳ್ಳಿ ಕರಗಿ ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ, ತೊಡೆಯ ತುಂಡುಗಳನ್ನು ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದಳು. ಹಿಂಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಆಚೆ ಅಪ್ಪ, ಈಚೆ ಮಗ ಕೂತು ಉಣ್ಣುತ್ತಿದ್ದರು. "ಹೆಂಗಿದೆಯೋ?" ಎಂದು ಆಚೆಯಿಂದ ಅಪ್ಪ ಕೂಗುವುದು, "ನಿಮ್ಮದಕ್ಕಿಂತ ಚೆನ್ನಾಗಿದೆ!" ಎಂದು ಈಚೆಯಿಂದ ಮಗ ಕೂಗುವುದು. ಆಕೆ ಮಗನ ಜೊತೆಗೇ ಕೂತು ಕೋಳಿ ಉಣ್ಣುತ್ತಿದ್ದಳು. ಆಸ್ಪತ್ರೆಯಿಂದ ಅವನನ್ನು ಎತ್ತಿಕೊಂಡು ಬಂದ ದಿನದಿಂದ ಆಕೆಯೂ ಲಾಬ್‌ಸ್ಟರ್ ಮುಟ್ಟಿ ಬೇಯಿಸಿದಳೇ ಹೊರತು ತಿಂದವಳಲ್ಲ.

ಮಗ ಬೆಳೆದು ಲಿಫ್ಟ್ ರಿಪೇರಿಯವನಾದ. ಕನ್ನಡಕದ ಅಂಗಡಿಯೊಂದಿದ್ದ ಕಟ್ಟಡದ ಲಿಫ್ಟು ಪದೇಪದೇ ಕೆಡುತ್ತಿತ್ತು. ಅಷ್ಟು ಸಲ ಯಾಕೆ ಕೆಡುತ್ತಿತ್ತು ಎಂಬುದನ್ನು ಅವನನ್ನೇ ಕೇಳಬೇಕಿತ್ತು, ಏಕೆಂದರೆ ಆ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಿದ್ದ ಹುಡುಗಿ ಕೊನೆಗೆ ಇದೇ ಮನೆಗೆ ಸೊಸೆಯಾಗಿ ಬಂದಳು. ಮೊದಲ ಸಲ ಮನೆಗೆ ಬಂದಾಗ, ನಿನಗೇನು ಇಷ್ಟ ಎಂದು ಆಕೆ ಕೇಳಿದ್ದಕ್ಕೆ ಹುಡುಗಿ ಹಲ್ಲು ಕಿರಿದು, "ನಮ್ಮಪ್ಪ ದೋಣಿಯವರು ಅತ್ತೆ. ಲಾಬ್‌ಸ್ಟರ್ ಇದ್ರೆ ನಂಗೆ ನನ್ನ ಹೆಸರೂ ನೆನಪಿರಲ್ಲ" ಎಂದಿದ್ದಳು. ಆಕೆ ಮಗನ ಕಡೆ ನೋಡಿದಳು. ಮಗ ನೆಲ ನೋಡುತ್ತಾ ಕೂತಿದ್ದ, ಹೇಳಲು ಧೈರ್ಯ ಬಂದಿರಲಿಲ್ಲ ಮಹಾಶಯನಿಗೆ. ಆಕೆಯೇ ಎಲ್ಲ ಬಿಡಿಸಿ ಹೇಳಿದಳು. ಹುಡುಗಿ ಎಲ್ಲ ಕೇಳಿ, "ಹಂಗಾದ್ರೆ ಬಿಟ್ಟೆ" ಎಂದಳು.

"ಪೂರ್ತಿ ಯಾಕಮ್ಮ ಬಿಡ್ಬೇಕು? ಹೊರಗೆ ತಿಂದು ಕೈ ತೊಳ್ಕೊಂಡು ಬಾ. ನಮ್ಮೋರು ಹಂಗೇ ಮಾಡೋದು."

"ಕೈ ತೊಳೆದ್ರೆ ಸಾಲದು ಅತ್ತೆ," ಎಂದಳು ಹುಡುಗಿ, ಒಂಚೂರೂ ನಾಚದೆ. "ಪಕ್ಕದಲ್ಲಿ ಮಲಗೋಳು ನಾನಲ್ವಾ?"

ಅಂದು ಕೆಂಪಾದದ್ದು ಅತ್ತೆಯ ಮುಖ. ಅಂದಿನಿಂದಲೇ ಆಕೆಗೆ ಆ ಹುಡುಗಿಯ ಮೇಲೆ ಜೀವ. ಬಿಟ್ಟೆ ಎಂದವಳು ನಿಜಕ್ಕೂ ಬಿಟ್ಟಳು, ತವರಿನಲ್ಲಿ ಅಪ್ಪ ತಟ್ಟೆಗೆ ಹಾಕಿದರೂ ಪಕ್ಕಕ್ಕೆ ಸರಿಸಿದಳು. ಮನೆಯ ಕಾನೂನನ್ನು ಅತ್ತೆಗಿಂತ ಒಂದು ಕೈ ಹೆಚ್ಚಾಗಿಯೇ ಪಾಲಿಸಿದಳು.

ಇಷ್ಟೆಲ್ಲ ಕಾದರು. ಹೊಸಿಲು ಕಾದರು, ಆವಿ ಕಾದರು, ಸೌಟು ಕಾದರು. ಸಾವು ಬಂದದ್ದು ಆ ಬಾಗಿಲಿನಿಂದಲ್ಲ. ಹಿಂದಿನ ವರ್ಷ ಒಂದು ಬೆಳಿಗ್ಗೆ, ಕೆಟ್ಟ ಲಿಫ್ಟು ನೋಡಲೆಂದು ಮೆಟ್ಟಿಲು ಹತ್ತಿ ಹೋದವನು ಎದೆ ಹಿಡಿದುಕೊಂಡು ನಡುವೆಯೇ ಕುಳಿತ, ಮತ್ತೆ ಏಳಲಿಲ್ಲ. ಲಿಫ್ಟು ಸರಿಯಿದ್ದಿದ್ದರೆ ಅವನು ಹೋಗಬೇಕಾಗಿಯೇ ಇರಲಿಲ್ಲ, ಲಿಫ್ಟು ಸರಿಯಿಲ್ಲದ್ದಕ್ಕೇ ಅವನು ಹತ್ತಬೇಕಾಯಿತು. ಇದನ್ನು ಆಕೆ ತಿರುಗಿಸಿ ಮುರುಗಿಸಿ ಯೋಚಿಸಿ ಸಾಕಾಗಿ ಬಿಟ್ಟುಬಿಟ್ಟಿದ್ದಳು. ಯಾರನ್ನು ಬೈಯುವುದು? ಸೊಸೆ ಅಂದು ಅಳಲಿಲ್ಲ. ಬಂದವರಿಗೆಲ್ಲ ನೀರು ಕೊಟ್ಟಳು, ಚಾಪೆ ಹಾಸಿದಳು, ಚಾಪೆ ಮಡಚಿದಳು. ಆಮೇಲೂ ಅಳಲಿಲ್ಲ. ಹೊರಗಿನ ಒಲೆ ಅಂದಿನಿಂದ ಹೊತ್ತಲಿಲ್ಲ. ನೀಲಿ ಹಿಡಿಯ ಪಾತ್ರೆ ಅಟ್ಟದ ಮೇಲೆ ಬೋರಲು ಬಿದ್ದಿತ್ತು.

ಈಗ ಒಂದು ಮಾತು ಬಂದಿತ್ತು. ಸೊಸೆಯ ಅಂಗಡಿಯ ಎದುರಿಗೆ ವಾಚ್ ರಿಪೇರಿ ಮಾಡುವವನೊಬ್ಬನಿದ್ದ, ಹೆಂಡತಿ ತೀರಿಕೊಂಡವನು. ಅವನು ನೇರವಾಗಿ ಸೊಸೆಯ ಅಪ್ಪನನ್ನು ಕಂಡು, ಮದುವೆ ಮಾಡಿಕೊಡುತ್ತೀರಾ ಎಂದು ಕೇಳಿದ್ದ. ಭಾನುವಾರ ಬಂದು ಉತ್ತರ ತೆಗೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿ ಕಳಿಸಿದ್ದ. ಶನಿವಾರ ಸಂಜೆ ಅತ್ತೆ ಸೊಸೆ ಹೊದಿಕೆ ಮಡಚುತ್ತಿದ್ದರು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹೊದಿಕೆ ಮಡಚುವುದೇ ಆಕೆಯ ಕೆಲಸ, ಆದರೂ ಮನೆಯದನ್ನು ಒಂದು ತುದಿ ಸೊಸೆಯ ಕೈಗೆ ಕೊಟ್ಟು ಮಡಚಿದರೇ ಆಕೆಗೆ ಸಮಾಧಾನ.

"ಬೇಡ ಅಂತ ಹೇಳ್ತೀನಿ ಅತ್ತೆ," ಎಂದಳು ಸೊಸೆ.

"ಯಾಕೆ, ಮನುಷ್ಯ ಸರಿಯಿಲ್ವಾ?"

"ಒಳ್ಳೆಯವರೇ. ಮಾತಾಡ್ಸಿದ್ರೆ ನಗು ಬರತ್ತೆ." ಸೊಸೆ ತನ್ನ ತುದಿ ತಂದು ಅತ್ತೆಯ ತುದಿಗೆ ಸೇರಿಸಿದಳು. "ಅದಕ್ಕೇ ಬೇಡ."

ಆಕೆ ಹೊದಿಕೆಯ ಸುಕ್ಕು ತೀಡುತ್ತಾ ನಿಂತಳು. ಹೋಗಮ್ಮ, ನಿನಗಿನ್ನೂ ವಯಸ್ಸಿದೆ ಎನ್ನಬೇಕಿತ್ತು. ಗಂಟಲಿನವರೆಗೆ ಬಂದ ಮಾತು ಅಲ್ಲೇ ಕೂತಿತು. ನಿಜ ಹೇಳಬೇಕೆಂದರೆ ಬೇಡ ಎಂಬ ಮಾತು ಕಿವಿಗೆ ಬಿದ್ದೊಡನೆ ಆಕೆಯ ಹೊಟ್ಟೆ ತಣ್ಣಗಾಗಿತ್ತು, ತಣ್ಣಗಾದದ್ದಕ್ಕೆ ನಾಚಿಕೆಯೂ ಆಗಿತ್ತು. ಕಳೆದ ತಿಂಗಳು ಅಂಗಡಿಯವರೆಲ್ಲ ಊಟಕ್ಕೆ ಹೋಗಿದ್ದರಂತೆ. ಲಾಬ್‌ಸ್ಟರ್ ಬಂದಾಗ ಸೊಸೆ, "ನಮ್ಮನೇಲಿ ಆಗಲ್ಲ" ಎಂದು ತಟ್ಟೆ ಮುಂದಕ್ಕೆ ದಾಟಿಸಿದಳಂತೆ. ಅದನ್ನು ಕೇಳಿ ಆಕೆಗೆ ಒಳಗೊಳಗೇ ಖುಷಿಯಾಗಿತ್ತು. ಇವಳು ತಿನ್ನದೆ ಇರುವವರೆಗೆ ನನ್ನ ಮಗ ಈ ಮನೆಯಲ್ಲಿ ಉಸಿರಾಡಿಕೊಂಡಿದ್ದಾನೆ ಎಂದುಕೊಂಡಿದ್ದಳು. ಹೀಗೆಂದು ಯಾರ ಮುಂದೆಯೂ ಹೇಳುವಂತಿರಲಿಲ್ಲ.

ಭಾನುವಾರ ಸೊಸೆಯ ಅಪ್ಪ, ದೋಣಿಯ ಬೀಗರು, ಬಂದರು. ಮುಂಬಾಗಿಲಿಗೆ ಬರಲಿಲ್ಲ, ಮನೆ ಸುತ್ತಿ ಹಿಂದೆ ಬಂದರು. ಕೈಯಲ್ಲಿ ನೀರು ತೊಟ್ಟಿಕ್ಕುವ ಗೋಣಿಚೀಲ. ಅದರೊಳಗೆ ಎರಡು ಲಾಬ್‌ಸ್ಟರ್, ಇಕ್ಕಳದಂಥ ಮುಂಗಾಲುಗಳಿಗೆ ರಬ್ಬರ್ ಬ್ಯಾಂಡು ಬಿಗಿದಿತ್ತು, ಬಾಲ ಬಡಿಯುತ್ತಿದ್ದವು.

"ಬರಿಗೈಲಿ ಹೆಂಗ್ ಬರೋದು ಅಂತ ತಂದ್ಬಿಟ್ಟೆ ತಾಯಿ," ಎಂದರು ಬೀಗರು, ತಪ್ಪು ಮಾಡಿದವರ ಹಾಗೆ. "ಬೇಡ ಅಂದ್ರೆ ವಾಪಸ್ ತಗೊಂಡ್ ಹೋಗ್ತೀನಿ."

ಬೋನಿನವನು ಚೀಲದೊಳಗೆ ಇಣುಕಿ ನೋಡಿ, ತಕ್ಷಣ ಮುಖ ತಿರುಗಿಸಿಕೊಂಡ. ಒಂದು ವರ್ಷದಿಂದ ಬಂದರಿನಲ್ಲಿ ದೋಣಿಯವರು ಕೊಟ್ಟದ್ದನ್ನೆಲ್ಲ ಅವನು ಅಲ್ಲೇ ಯಾರಿಗಾದರೂ ಕೊಟ್ಟು ಬರುತ್ತಿದ್ದ ಎಂಬುದು ಹೆಂಡತಿಗೆ ಗೊತ್ತಿತ್ತು. ಆ ಮುಖ ನೋಡಿ ಆಕೆ ಚೀಲ ಈಸಿಕೊಂಡಳು.

"ತಂದೋರು ವಾಪಸ್ ಯಾಕೆ ತಗೊಂಡ್ ಹೋಗ್ತೀರಿ? ಕೂತ್ಕೊಳಿ ಬೀಗರೇ," ಎಂದಳು. "ರೀ, ಒಲೆ ಒರೆಸಿ."

ಹಳೆಯ ಕೆಲಸ ಕೈಗೆ ತಾನಾಗಿ ಬಂತು. ಲಾಬ್‌ಸ್ಟರುಗಳನ್ನು ಐಸು ತುಂಬಿದ ಬಕೆಟ್ಟಿನಲ್ಲಿಟ್ಟು ಮಂಪರು ಹತ್ತುವವರೆಗೆ ಕಾದಳು. ಆಮೇಲೆ ತಲೆಯ ನಡುಗೆರೆಯ ಮೇಲೆ ಚಾಕುವಿನ ಮೊನೆಯಿಟ್ಟು ಒಂದೇ ಏಟಿಗೆ ಇಳಿಸಿದಳು, ನರಳಿಸುವುದು ಆಕೆಗೆ ಸೇರದು. ಉಪ್ಪು ನೀರಿನಲ್ಲಿ ಕರಿ ಹಸಿರು ಚಿಪ್ಪು ನೋಡನೋಡುತ್ತಿದ್ದಂತೆ ಕೆಂಪಾಯಿತು. ಬೀಗರು ಮತ್ತು ಬೋನಿನವನು ಕಲ್ಲಿನ ಮೇಲೆ ಕೂತು ಚಿಪ್ಪು ಒಡೆದು ಮಾಂಸ ಬಿಡಿಸಿಕೊಟ್ಟರು. ಹೊರಗಿನ ಕರಿ ಪಾತ್ರೆಯಲ್ಲಿ ಬೆಣ್ಣೆ ಕರಗಿ, ಬೆಳ್ಳುಳ್ಳಿ ಘಮ್ಮೆಂದಿತು.

ಒಳಗೆ ಸೊಸೆ, ಯಾರೂ ಹೇಳದಿದ್ದರೂ, ಅಟ್ಟದಿಂದ ನೀಲಿ ಹಿಡಿಯ ಪಾತ್ರೆ ಇಳಿಸಿ ತೊಳೆದು ಕೋಳಿಗೆ ಈರುಳ್ಳಿ ಹುರಿಯಲು ನಿಂತಿದ್ದಳು. ಹಿಂಬಾಗಿಲು ಮುಚ್ಚಿ ಸಂದಿಗೆ ಒದ್ದೆ ಬಟ್ಟೆಯನ್ನೂ ತುರುಕಿದ್ದಳು. ಇವತ್ತು ಕೋಳಿ ಯಾರಿಗೆ ಎಂದು ಅವಳೂ ಕೇಳಿಕೊಳ್ಳಲಿಲ್ಲ, ಕೈ ತೊಳೆದುಕೊಂಡು ಒಳಗೆ ಬಂದ ಅತ್ತೆಯೂ ಕೇಳಲಿಲ್ಲ. ಹೊರಗೆ ಲಾಬ್‌ಸ್ಟರ್ ಎಂದ ಮೇಲೆ ಒಳಗೆ ಕೋಳಿ, ಅಷ್ಟೇ. ಸೊಸೆ ತೊಡೆಯ ತುಂಡುಗಳನ್ನು ತಿರುವಿ ಹಾಕಿ ಉರಿ ತಗ್ಗಿಸಿದಳು. ಅತ್ತೆ ಉಪ್ಪು ನೋಡಿದಳು.

ಆಗ ಬಾಗಿಲು ದೂಡಿಕೊಂಡು ಬೋನಿನವನು ಒಳಗೆ ಬಂದ. ಒಂದು ವರ್ಷದ ಮೇಲೆ ಬೆಣ್ಣೆ ಬೆಳ್ಳುಳ್ಳಿಯ ವಾಸನೆ ಕುಡಿದು ಅವನಿಗೆ ಮೈಮೇಲೆ ಎಚ್ಚರವಿದ್ದಂತಿರಲಿಲ್ಲ. "ಕೋಳಿ ಎಲ್ಲಿಗೆ ಬಂತು, ನೋಡಣ" ಎನ್ನುತ್ತಾ ಕೈಯಲ್ಲಿದ್ದ ಸೌಟನ್ನು ಹಾಗೇ ನೀಲಿ ಹಿಡಿಯ ಪಾತ್ರೆಯಲ್ಲಿ ಅದ್ದಿಬಿಟ್ಟ. ಸೌಟಿನ ಹಿಡಿಯಲ್ಲಿ ಕೆಂಪು ದಾರ.

"ರೀ! ಸೌಟು!" ಆಕೆ ಕಿರುಚಿದ ರಭಸಕ್ಕೆ ಹೊರಗಿದ್ದ ಬೀಗರು ಎದ್ದು ನಿಂತರು. "ಅವನು ಉಣ್ಣೋದಲ್ವೇನ್ರೀ ಅದು!"

ಸೌಟು ನೆಲಕ್ಕೆ ಬಿತ್ತು. ಮುಂದೆ ನಡೆದದ್ದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ಸೊಸೆ ಒಲೆ ಆರಿಸಿ, ಬಟ್ಟೆಯಲ್ಲಿ ಪಾತ್ರೆ ಹಿಡಿದು, ಉಸಿರು ಬಿಗಿಹಿಡಿದುಕೊಂಡೇ ಹೊರಗೆ ಒಯ್ದು ಕಲ್ಲಿನ ಮೇಲಿಟ್ಟು ಬಂದಳು. ಆಕೆ ಕಿಟಕಿಯ ಎರಡೂ ಬಾಗಿಲು ತೆರೆದು, ಕುದಿಯುವ ನೀರನ್ನು ಕಟ್ಟೆಯ ಮೇಲೆ ಸುರಿದು ಉಜ್ಜತೊಡಗಿದಳು. ಬೋನಿನವನು ನಲ್ಲಿಯ ಬಳಿ ಓಡಿ ಅಂಗಿ ಕಿತ್ತೆಸೆದು ಮೊಣಕೈವರೆಗೆ ಸೋಪು ತಿಕ್ಕುತ್ತಾ, "ಗಮನಿಸ್ಲಿಲ್ಲ ಕಣೇ, ಗಮನಿಸ್ಲಿಲ್ಲ" ಎನ್ನುತ್ತಿದ್ದ. ಸೊಸೆ ಆಗಲೇ ಫ್ರಿಜ್ಜಿನಿಂದ ಉಳಿದ ಕೋಳಿ ತೆಗೆದು, ಮೊದಲಿನಿಂದ ಮಾಡಲು ಇನ್ನೊಂದು ಪಾತ್ರೆ ಒಲೆಗೇರಿಸಿದ್ದಳು.

ಬೀಗರು ಹೊಸಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದರು. ಪಾಪ, ಅವರಿಗೆ ಏನೂ ತಿಳಿಯಲಿಲ್ಲ.

"ಏನಾಯ್ತು ತಾಯಿ? ಯಾರಿಗೆ ಏನಾಯ್ತು?"

ಆಕೆಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಹೊರಗೆ ನಲ್ಲಿ ಸುರಿಯುತ್ತಲೇ ಇತ್ತು, ಸೋಪಿನ ನೊರೆ ಮೆತ್ತಿದ ಕೈಗಳನ್ನು ಮುಂದಕ್ಕೆ ಚಾಚಿಕೊಂಡು ಬೋನಿನವನು ಕಲ್ಲಿನಂತೆ ನಿಂತಿದ್ದ. ಸೊಸೆ ಕೈಯಲ್ಲಿ ಹಸಿ ಕೋಳಿಯ ತೊಡೆ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಳು. ಅಪ್ಪ ನಿಂತಿದ್ದ ಹೊಸಿಲಿಗೆ ಬಂದು ಅಲ್ಲೇ ಕುಸಿದು, ಹಿಡಿದದ್ದನ್ನು ಬಿಡದೆ, ಒಂದು ವರ್ಷ ಅಳದೆ ಇಟ್ಟುಕೊಂಡಿದ್ದನ್ನೆಲ್ಲ ಅತ್ತಳು. ಅಪ್ಪ ತಲೆಯ ಮೇಲೆ ಕೈಯಿಡಲು ಬಗ್ಗಿದವರು, ತಮ್ಮ ಕೈಯಲ್ಲಿ ಲಾಬ್‌ಸ್ಟರ್ ವಾಸನೆ ಇದೆಯೆಂದು ನೆನಪಾಗಿ ಹಿಂದೆ ಸರಿದರು.

ಆ ಹಿಂದೆ ಸರಿದ ಕೈ ನೋಡಿ ಆಕೆಗೆ ತಡೆಯಲಾಗಲಿಲ್ಲ. ಅಳುತ್ತಿರುವ ಮಗಳನ್ನು ಅಪ್ಪ ಮುಟ್ಟುವಂತಿಲ್ಲ, ನಗಿಸುವವನ ಜೊತೆ ಅವಳು ನಗುವಂತಿಲ್ಲ, ಇಷ್ಟದ್ದು ತಿನ್ನುವಂತಿಲ್ಲ. ಕಾನೂನು ಮಾಡಿದವಳು ತಾನು. ಒಬ್ಬನ ಜೀವ ಕಾಯಲು ಮಾಡಿದ್ದು, ಈಗ ಇನ್ನೊಬ್ಬಳ ಜೀವ ಹಿಡಿದುಕೊಂಡು ಕೂತಿದೆ. ತನ್ನ ಮಗನೇ ಇದ್ದಿದ್ದರೆ, ಏನಮ್ಮಾ ಇದು ಎಂದು ರೇಗುತ್ತಿರಲಿಲ್ಲವೇ?

ಆಕೆ ಹೊರಗೆ ಹೋಗಿ ನೀಲಿ ಹಿಡಿಯ ಪಾತ್ರೆ ತಂದು ಒಳಗಿನ ಒಲೆಯ ಮೇಲಿಟ್ಟು ಉರಿ ಹಚ್ಚಿದಳು. ಮತ್ತೆ ಹೋಗಿ ಹೊರಗಿನ ಕರಿ ಪಾತ್ರೆ ಎತ್ತಿಕೊಂಡಳು.

"ಏನೇ, ಏನ್ ಮಾಡ್ತಿದೀಯ?" ಎಂದ ಗಂಡ.

"ದಾರಿ ಬಿಡಿ."

ಹೊಸಿಲಿನ ಹತ್ತಿರ ಕಾಲು ತಡೆಯಿತು. ಆ ಪಾತ್ರೆ ಕೊಂಡ ದಿನದಿಂದ ಆ ಗೆರೆ ದಾಟಿದ್ದಿಲ್ಲ. ಸೊಸೆ ತಲೆಯೆತ್ತಿ ನೋಡಿ, ಏನೋ ಅರ್ಥವಾದಂತೆ ಪಕ್ಕಕ್ಕೆ ಸರಿದಳು. ಆಕೆ ದಾಟಿದಳು. ಬೆಣ್ಣೆಯಲ್ಲಿ ಮಿಂದ ಲಾಬ್‌ಸ್ಟರ್ ತುಂಡುಗಳನ್ನು ರಸದ ಸಮೇತ ಕೋಳಿಯ ಮೇಲೆ ಸುರಿದಳು. ಬಿದ್ದಿದ್ದ ಸೌಟನ್ನು ಎತ್ತಿ ತೊಳೆದು, ಕೆಂಪು ದಾರ ಹಿಡಿದೇ ಕಲಸಿದಳು. ಆವಿ ಎದ್ದು ಅಡುಗೆಮನೆ ತುಂಬಿತು, ಅಲ್ಲಿಂದ ನಡುಮನೆಗೆ ಹೋಯಿತು, ಮಗನ ಕೋಣೆಗೂ ಹೋಗಿರಬೇಕು. ಆ ಕೋಣೆಯಿಂದ ಉಸಿರಿನ ಸೀಟಿ ಕೇಳುತ್ತದೇನೋ ಎಂದು ಆಕೆಯ ಕಿವಿ ಕಾದಿತ್ತು. ಪಾತ್ರೆ ಕೊತಕೊತ ಅನ್ನುವುದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಆಗ ಆಕೆಗೂ ಅಳು ಬಂತು. ಅಳುತ್ತಲೇ ಕಲಸಿದಳು, ತಳ ಹಿಡಿಯಬಾರದಲ್ಲ.

ನಾಲ್ಕು ತಟ್ಟೆ ಹಾಕಿದಳು, ಒಳಗೇ. ಹಿಂಬಾಗಿಲು ತೆರೆದೇ ಇತ್ತು. ಸೊಸೆಯ ತಟ್ಟೆಗೆ ಮೊದಲು ಅನ್ನ, ಅದರ ಮೇಲೆ ಕೋಳಿಯ ತುಂಡು, ಅದರ ಪಕ್ಕ ಲಾಬ್‌ಸ್ಟರಿನ ಮುಂಗಾಲಿನಿಂದ ಬಿಡಿಸಿದ ಇಡೀ ಮಾಂಸ. ಸೊಸೆಯ ಕೈ ಮೇಲೇಳಲಿಲ್ಲ.

"ಬೇಡ ಅತ್ತೆ. ಇದೊಂದು ಕೇಳ್ಬೇಡಿ."

"ತಿನ್ನಮ್ಮ," ಎಂದಳು ಆಕೆ. ಸೊಸೆಯ ಕೆನ್ನೆಯನ್ನು ಸೆರಗಿನಿಂದ ಒರೆಸಿದಳು. "ಅವನಿಗೆ ಇನ್ನೇನೂ ಆಗಲ್ಲ."

ಬೋನಿನವನು ಮುಖ ಮುಚ್ಚಿಕೊಂಡ. ಸೊಸೆ ಬಹಳ ಹೊತ್ತು ತಟ್ಟೆ ನೋಡಿದಳು. ಆಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿದಳು. ಅವಳು ನುಂಗುವವರೆಗೆ ಆಕೆ ಕಾದಳು. ನಂತರ ತಾನೂ ಒಂದು ಚೂರು ತೆಗೆದುಕೊಂಡಳು. ಇಷ್ಟು ಕಾಲ ವಾಸನೆಯಲ್ಲೇ ಉಪ್ಪು ಖಾರ ಅಳೆದವಳು, ರುಚಿ ಹೀಗಿತ್ತು ಎಂಬುದನ್ನೇ ಮರೆತಿದ್ದಳು. ಕೋಳಿಯ ಈರುಳ್ಳಿಯೂ ಕಡಲಿನ ಸಿಹಿಯೂ ಒಂದರೊಳಗೊಂದು ಹೊಂದಿಕೊಂಡಿದ್ದವು.

ಬೋನಿನವನು ತೆರೆದ ಬಾಗಿಲಿನ ಕಡೆ ನೋಡುತ್ತಾ, ಯಾರಿಗೆಂದು ಹೇಳದೆ, ಮೆಲ್ಲಗೆ ಕೇಳಿದ. "ಹೆಂಗಿದೆ?"

ಸೊಸೆ ಇನ್ನೊಂದು ಚೂರು ಮುರಿಯುತ್ತಾ, "ಚೆನ್ನಾಗಿದೆ ಮಾವ" ಎಂದಳು.

ಊಟವಾದ ಮೇಲೆ ಗಂಡಸರಿಬ್ಬರೂ ಮುಂದಿನ ಕಟ್ಟೆಯ ಮೇಲೆ ಕೂತರು. ಬೀಗರು ತಾವು ಬಂದ ಕೆಲಸದ ಮಾತೆತ್ತಲಿಲ್ಲ. ಅತ್ತೆ ಎರಡೂ ಪಾತ್ರೆಗಳನ್ನು ಒಂದೇ ಬುಟ್ಟಿಗೆ ಹಾಕಿ ಕಲ್ಲಿನ ಹತ್ತಿರ ಉಜ್ಜಲು ಕೂತಳು. ಸೊಸೆ ಪಕ್ಕದಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ತೊಳೆದು ಮುಗಿದರೂ ತೊಳೆಯುತ್ತಲೇ ಇದ್ದಳು.

"ಅತ್ತೆ, ಅಪ್ಪ ಉತ್ತರಕ್ಕೆ ಕಾಯ್ತಿದಾರೆ."

"ಗೊತ್ತು."

"ನಾನು ಹೂಂ ಅಂದ್ರೆ..."

ಆಕೆ ನೀಲಿ ಹಿಡಿಯ ಪಾತ್ರೆಯ ತಳವನ್ನು ಇನ್ನೊಮ್ಮೆ ಉಜ್ಜಿದಳು. ನೀರು ಹೊಯ್ದು, ಬೆಳಕಿಗೆ ಹಿಡಿದು ನೋಡಿ, ಸೆರಗಿನಿಂದ ಒರೆಸಿ ಸೊಸೆಯ ಒದ್ದೆ ಕೈಗೆ ಕೊಟ್ಟಳು. ನಿನ್ನೆಯಿಂದ ಗಂಟಲಲ್ಲಿ ಕೂತಿದ್ದ ಮಾತು ಈಗ ಬಂತು, ಬಂದದ್ದು ಮಾತ್ರ ಆಕೆ ಎಣಿಸಿದ ಹಾಗಲ್ಲ.

"ಹೋಗ್ವಾಗ ಇದನ್ನ ತಗೊಂಡ್ ಹೋಗು. ತಳ ದಪ್ಪ ಇದೆ, ಸೀಯಲ್ಲ," ಎಂದಳು. "ಆದ್ರೆ ಅವರಿಗೆ ಏನು ಆಗಿಬರಲ್ಲ ಅಂತ ಮೊದ್ಲೇ ಕೇಳ್ಕೋ."